ಅಕ್ಕನ ಕಥೆ ಬರೆಯಲು ಕೂತವನು

ಮುದ್ರಣಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕೆಂಪಿಂಕು ಎಂದೇ. ಅಚ್ಚಿಗೆ ಹೋಗುವ ಮೊದಲು ಕರಡು ಓದಿ ತಪ್ಪು ಹೆಕ್ಕುವುದು ಅವನ ಕೆಲಸ. ದೊಡ್ಡ ವಿದ್ವಾಂಸರ ಪುಟವಾದರೂ ಸರಿ, ಮದುವೆ ಕರೆಯೋಲೆಯಾದರೂ ಸರಿ, ಅವನ ಕೆಂಪು ಪೆನ್ನಿಗೆ ಮುಖ ಮುಲಾಜಿಲ್ಲ. ಕಂಡವರ ತಪ್ಪು ತಿದ್ದಿ ತಿದ್ದಿ ತಲೆ ನರೆಯಿತೇ ಹೊರತು ತನ್ನದೆಂದು ಒಂದು ಪುಟ ಬರೆಯಲಿಲ್ಲ, ಪುಣ್ಯಾತ್ಮ.

ಬರೆಯುವುದಕ್ಕೆ ವಿಷಯವಿರಲಿಲ್ಲವೇ? ಮನೆಯಲ್ಲೇ ಇತ್ತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದ್ದು ಅಕ್ಕ. ಚಿಕ್ಕಪ್ಪನ ಮನೆಯಲ್ಲಿ ಎಂಜಲು ತಟ್ಟೆ ತೊಳೆದು ಸಾಕಾಗಿ, ಒಂದು ದಿನ ಇನ್ನೂ ಮಾತು ಬಾರದ ತಮ್ಮನನ್ನು ಹೆಗಲಿಗೆ ಹಾಕಿಕೊಂಡು ಹೊರಟು ಬಂದವಳು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ಅವನನ್ನು ಓದಿಸಿದಳು. ಅವಳಿಗೆ ಅಕ್ಷರ ಬಾರದು. ಇದ್ದದ್ದು ಒಂದೇ ಆಸೆ, ತನ್ನ ಕಥೆಯನ್ನು ತಮ್ಮ ಬರೆದು ಓದಿ ಹೇಳಬೇಕು.

"ನಾನು ಹೇಳ್ತಾ ಹೋಗ್ತೀನಿ, ನೀನು ಬರ್ಕೊಳೋ," ಎನ್ನುತ್ತಿದ್ದಳು.

ಇವನು ಕೂರುತ್ತಿದ್ದ. ಮೊದಲ ಸಾಲು ಮುಗಿದದ್ದೇ ತಡ, ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತಿತ್ತು. ಪದ ಸಪ್ಪೆ, ವಾಕ್ಯ ಉದ್ದ, ಇದನ್ನು ಯಾರು ಓದುತ್ತಾರೆ, ನಾನೇನು ಬರಹಗಾರನೇ? ಹಾಳೆ ಬುಟ್ಟಿ ಸೇರುತ್ತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕಾದರೆ ಇವನಿಗೆ ವಾಕ್ಯ ಡೊಂಕು. ಭಾನುವಾರ ನೋಡೋಣ ಅಕ್ಕ, ಈ ಪುಸ್ತಕ ಮುಗಿಯಲಿ ಅಕ್ಕ, ನಿವೃತ್ತಿ ಆಗಲಿ ಅಕ್ಕ. ಅವಳೂ ಆಗಲಿ ಬಿಡು ಎನ್ನುತ್ತಿದ್ದಳು.

ನಿವೃತ್ತಿಯೂ ಆಯಿತು. ಅಷ್ಟರಲ್ಲಿ ಅಕ್ಕನಿಗೆ ಮರೆವು ಹಿಡಿದಿತ್ತು. ಮೊದಲು ಒಲೆ ಆರಿಸುವುದು ಮರೆಯಿತು, ಆಮೇಲೆ ಮನೆಯ ದಾರಿ. ಒಂದು ದಿನ ತಮ್ಮನನ್ನೇ ನೋಡಿ ಯಾರು ಬೇಕಾಗಿತ್ತು ಎಂದು ಕೇಳಿದಳು. ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಮಗುವಿನ ಹಾಗೆ ಅತ್ತ.

ಮರುದಿನ ಬೆಳಿಗ್ಗೆ ಕನ್ನಡಕ ತೆಗೆದು ಅಡುಗೆಮನೆಯಲ್ಲಿಟ್ಟು ಬಂದು ಮೇಜಿಗೆ ಕೂತ. ಅದಿಲ್ಲದೆ ಅವನಿಗೆ ಅಕ್ಷರಗಳು ಬರೀ ಇರುವೆ ಸಾಲು. ಬರೆದದ್ದೇ ಕಾಣದ ಮೇಲೆ ತಿದ್ದುವುದೆಲ್ಲಿಂದ ಬಂತು? ಪುಟ ತುಂಬುವವರೆಗೆ ಏಳಲಿಲ್ಲ. ಮಾರನೆಯ ದಿನವೂ ಅಷ್ಟೇ. ಜ್ವರ ಬರಲಿ, ನೆಂಟರು ಬರಲಿ, ಬೆಳಗಿನ ಪುಟ ತಪ್ಪಿಸಲಿಲ್ಲ. ಸಾಲಿನ ಮೇಲೆ ಸಾಲು ಹತ್ತಿತ್ತು, ಕಾಗುಣಿತ ಕೆಟ್ಟಿತ್ತು. ಕೆಟ್ಟರೆ ಕೆಡಲಿ ಎಂದ. ಈ ಬುದ್ಧಿ ಅಕ್ಕನಿಗೆ ನೆನಪಿದ್ದಾಗಲೇ ಬರಬಾರದಿತ್ತೇ, ಮಂಕುದಿಣ್ಣೆಗೆ!

ಸಂಜೆ ಕನ್ನಡಕ ಹಾಕಿಕೊಂಡು ಅವಳ ಮಂಚದ ಪಕ್ಕ ಕೂತು ಅಂದು ಬರೆದದ್ದನ್ನು ಓದುತ್ತಿದ್ದ. ಅವಳು ಕೆನ್ನೆಗೆ ಕೈಯಿಟ್ಟು ಬೇರೆ ಯಾರದೋ ಕಥೆಯ ಹಾಗೆ ಕೇಳುತ್ತಿದ್ದಳು. ಕಥೆ ಚಿಕ್ಕಪ್ಪನ ಮನೆಯ ಬಾಗಿಲು ದಾಟಿದ ಸಂಜೆ ಅವಳು ಮುಂದಕ್ಕೆ ಬಾಗಿದಳು.

"ಪಾಪ, ಆ ಹುಡುಗಿ. ಹೆಗಲ ಮೇಲೆ ಮಗು ಬೇರೆ. ಆಮೇಲೆ? ಆ ರಾತ್ರಿ ಎಲ್ಲಿ ಮಲಗಿದ್ರು?"

ಮುಂದೆ ಪುಟವಿರಲಿಲ್ಲ. ಆ ರಾತ್ರಿ ಅವನು ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದ ಕೂಸು. ಎಲ್ಲಿ ತಂಗಿದರು, ಊಟ ಯಾರು ಕೊಟ್ಟರು, ಅವಳು ಹೆದರಿದಳೇ, ಎಲ್ಲ ಬಲ್ಲವಳು ಅವಳೊಬ್ಬಳೇ. ಅವಳು ಹೇಳಲು ಕೂತಾಗಲೆಲ್ಲ ಇವನು ಮೊದಲ ಸಾಲು ತಿದ್ದುತ್ತಿದ್ದ.

"ಗೊತ್ತಿಲ್ಲ ಅಕ್ಕ," ಎಂದ. "ನಾನು ಕೇಳಲೇ ಇಲ್ಲ."

"ಕೇಳ್ಬೇಕಿತ್ತಪ್ಪ," ಎಂದಳು ಅವಳು, ಬೇಸರದಿಂದ. "ಕೇಳಿದ್ರೆ ಅವಳು ಹೇಳ್ತಿದ್ಲು."