ಅಕ್ಕ ಆರಾಮಾದ ಮೇಲೆ

ನನ್ನ ಅಕ್ಕನನ್ನು ಕಮತಗಿಗೆ ಕೊಟ್ಟಿದ್ದರು. ಹೆಣ್ಣುಮಗು ಹುಟ್ಟಿದ ಮೇಲೆ ಅವಳಿಗೆ ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳಿಸತೊಡಗಿತು. ಅನ್ನದಲ್ಲಿ ವಿಷ ಹಾಕಿದ್ದಾರೆಂದು ತಾಟು ತಳ್ಳುತ್ತಿದ್ದಳು. ಗಂಡನ ಮನೆಯವರು ಕೂಸನ್ನು ಇಟ್ಟುಕೊಂಡು ಅವಳನ್ನು ಇಳಕಲ್ಲಿಗೆ, ನಮ್ಮ ಮನೆಗೆ ತಂದು ಬಿಟ್ಟರು. ಎಪ್ಪತ್ತರ ದಶಕದ ಆರಂಭ ಅದು. ನಾನಿನ್ನೂ ಸಾಲೆಗೆ ಹೋಗುತ್ತಿದ್ದೆ.

ಅಪ್ಪ ಮಗ್ಗ ನಿಲ್ಲಿಸಿ ಅವಳನ್ನು ಬಾಗಲಕೋಟೆಯ ಡಾಕ್ಟರಲ್ಲಿಗೆ ಕರೆದೊಯ್ದ. ಗುಳಿಗೆ ಶುರುವಾದವು. ಮೊದಮೊದಲು ಮಂಪರಿನಲ್ಲೇ ಇರುತ್ತಿದ್ದಳು. ಬರಬರುತ್ತ ಆ ದನಿಗಳು ನಿಂತವು. ಅಕ್ಕ ತಾನೇ ತಲೆ ಬಾಚಿಕೊಂಡು, ರಾಟೆಯ ಮುಂದೆ ಕುಳಿತು ಅಪ್ಪನ ಮಗ್ಗಕ್ಕೆ ನೂಲು ಸುತ್ತಿಕೊಡುವಂತಾದಳು. ಗುಳಿಗೆ ಬಿಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು; ನಾವು ಬಿಡಿಸಲಿಲ್ಲ.

ಮಗಳು ಆರಾಮಾಗಿದ್ದಾಳೆ, ಕರೆದುಕೊಂಡು ಹೋಗಿ ಎಂದು ಅಪ್ಪ ಕಮತಗಿಗೆ ಹೇಳಿಕಳಿಸುತ್ತಲೇ ಇದ್ದ. ಅವರು ಬಂದು ನೋಡಲು ಒಪ್ಪುವಷ್ಟರಲ್ಲಿ ವರ್ಷಗಳು ಹೋಗಿದ್ದವು, ಅಕ್ಕನ ಬಾಯಿ ಅಲ್ಲಾಡತೊಡಗಿತ್ತು. ಏನೂ ಇಲ್ಲದೆ ದವಡೆ ಅಗಿಯುತ್ತಿತ್ತು, ತುಟಿ ಚಪ್ಪರಿಸುತ್ತಿತ್ತು, ನಾಲಗೆ ಹೊರಗೆ ಬಂದು ಒಳಗೆ ಹೋಗುತ್ತಿತ್ತು.

"ಏನ್ ತಿನ್ನಾಕತ್ತೀ?" ಎಂದು ಅವ್ವ ಬೈದಾಗ ಅಕ್ಕ ಬಾಯಿ ತೆರೆದು ತೋರಿಸಿದಳು. ಖಾಲಿ.

ಭಾವ, ಅವನ ತಾಯಿ, ಮಗಳು ಮೂವರೂ ಬಂದರು. ಅಕ್ಕ ಹೊಸ ಸೀರೆ ಉಟ್ಟು ಎದುರಿಗೆ ಕುಳಿತಳು. ಮಗಳು ಅವಳನ್ನೇ ಸ್ವಲ್ಪ ಹೊತ್ತು ನೋಡಿ ಅಜ್ಜಿಯ ಬೆನ್ನ ಹಿಂದೆ ಸರಿದಳು.

"ಆಯಿ, ಆಕಿ ನನ್ನ ಅಣಕಸಾಕತ್ಯಾಳ," ಎಂದು ಅಜ್ಜಿಗೆ ಹೇಳಿದಳು.

"ಇಲ್ಲವ್ವಾ, ಅಣಕಸಾಕತ್ತಿಲ್ಲ," ಎಂದು ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗಿನೊಳಗೂ ಅದು ಆಡುತ್ತಿತ್ತು. ಅತ್ತೆಯತ್ತ ತಿರುಗಿ, "ನನ್ನ ತಲಿ ಈಗ ಸುದ್ದ ಐತ್ರೀ ಅತ್ತಿ. ಬಾಯಿ ಒಂದ ನನ್ನ ಮಾತು ಕೇಳೂದಿಲ್ಲ," ಎಂದಳು.

"ಹುಚ್ಚು ಇನ್ನೂ ಕಡಿಮಿ ಆಗಿಲ್ಲ, ಬಿಡ್ರಿ," ಎಂದು ಆ ಮುದುಕಿ ಅಪ್ಪನಿಗೆ ಹೇಳಿದಳು. ಮೂವರೂ ಚಹಾ ಕುಡಿದು ಹೊರಟುಹೋದರು.

ಮತ್ತೆ ಬಾಗಲಕೋಟೆಗೆ ಹೋದಾಗ ಡಾಕ್ಟರು ನಾಲಗೆ ಚಾಚಿಸಿ ನೋಡಿದರು. "ಭಾಳ ವರ್ಷ ಈ ಗುಳಿಗಿ ತಗೊಂಡ್ರ ಕೆಲವರಿಗೆ ಹಿಂಗ ಆಗ್ತೇತ್ರಿ. ಬಿಟ್ಟರೂ ಹೋಗ್ತೇತಿ ಅಂತ ಹೇಳಾಕ ಬರೂದಿಲ್ಲ."

ಅಕ್ಕ ಯಾರಿಗೂ ಹೇಳದೆ ಗುಳಿಗೆ ಬಿಟ್ಟಳು. ಬಾಯಿ ಅಲ್ಲಾಡುವುದು ಇನ್ನೂ ಜೋರಾಯಿತು. ಆಮೇಲೆ ಆ ದನಿಗಳೂ ಬಂದವು. ಒಂದು ದಿನ ಅವ್ವ ಕೊಟ್ಟ ರೊಟ್ಟಿಯನ್ನು ಅಂಗಳಕ್ಕೆ ಎಸೆದಳು. ಡಾಕ್ಟರು ಕಡಿಮೆ ಪ್ರಮಾಣದಲ್ಲಿ ಮತ್ತೆ ಗುಳಿಗೆ ಶುರುಮಾಡಿದರು. ದನಿಗಳು ಹೋದವು, ಬಾಯಿ ನಿಲ್ಲಲಿಲ್ಲ. "ತಂಗೀ, ಹುಚ್ಚಿದ್ದಾಗ ಏನೂ ತಿಳೀತಿರಲಿಲ್ಲ. ಈಗ ಎಲ್ಲಾ ತಿಳೀತೇತಿ," ಎಂದು ನನಗೊಮ್ಮೆ ಹೇಳಿದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳ ಮಗಳ ಮದುವೆ ಹುನಗುಂದದಲ್ಲಿ ನಡೆಯಿತು. ಭಾವನೇ ಬಂದು ಕರೆದ. ಅಕ್ಕನನ್ನು ಕರೆತರಬೇಡಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಅವಳೇ ಅಂದಳು: "ನೀವು ಹೋಗಿ ಬರ್ರಿ. ನಾ ಬಂದ್ರ ಮಂದಿ ಮದಿಮಗಳನ್ನ ಬಿಟ್ಟು ನನ್ನ ನೋಡ್ತಾರ."

ನಾವು ತಿರುಗಿ ಬಂದಾಗ ಬಾಗಿಲಲ್ಲೇ ನಿಂತಿದ್ದಳು. "ಗಂಡನ ಮನಿಗೆ ಹೋಗೂವಾಗ ಅತ್ತಳೇನು?" ಎಂದು ಕೇಳಿದಳು.

"ಅತ್ತಳಕ್ಕಾ. ಆಯೀನ್ನ ತಬ್ಬಿಕೊಂಡು ಭಾಳ ಅತ್ತಳು."

ಅಕ್ಕ ಒಳಗೆ ಹೋಗಿ ರಾಟೆಯ ಮುಂದೆ ಕುಳಿತಳು.