ಕಡಲೆಯ ಹುಳಿ ಹಿಡಿಯಲು ಹೋದದ್ದು

ಕಾರ್ತಿಕ ಕಳೆಯಿತೆಂದರೆ ನಮ್ಮ ರೋಣದ ಮನೆಯಲ್ಲಿ ಮೊದಲು ಕೊಬ್ಬರಿ ಎಣ್ಣೆಯ ಬಾಟಲಿ ಹೆಪ್ಪುಗಟ್ಟುತ್ತದೆ, ಅದರ ಬೆನ್ನಿಗೆ ನಾನು. ಬಾಟಲಿಯನ್ನಾದರೂ ನನ್ನ ಹೆಂಡತಿ ಗಿರಿಜಾ ಬಿಸಿಲಿಗಿಟ್ಟು ಕರಗಿಸುತ್ತಾಳೆ; ಆರಡಿ ಉದ್ದದ ನಿವೃತ್ತ ಮಾಸ್ತರನನ್ನು ಎತ್ತಿ ಕಟ್ಟೆಯ ಮೇಲಿಡುವುದು ಯಾರಿಂದ ಸಾಧ್ಯ? ಮಾರ್ಗಶಿರದ ಹಗಲು ಕಿರಿದಾದಷ್ಟೂ ನನ್ನ ಮನಸ್ಸೂ ಕಿರಿದಾಗುತ್ತದೆ. ಊಟ ರುಚಿಸದು, ಓದು ಹತ್ತದು, ಫೋನು ರಿಂಗಾದರೆ ಎತ್ತದೆ ಅದನ್ನೇ ನೋಡುತ್ತ ಕೂಡುತ್ತೇನೆ. ನೌಕರಿಯಲ್ಲಿದ್ದಾಗ ಮಕ್ಕಳ ಗದ್ದಲದಲ್ಲಿ ಈ ಮಂಕು ಹೇಗೋ ಮುಚ್ಚಿಹೋಗುತ್ತಿತ್ತು. ನಾನು ನಿವೃತ್ತನಾದದ್ದೇ ತಡ, ಅದಕ್ಕೆ ಕಾಯಂ ನೌಕರಿ ಸಿಕ್ಕಿತು.

ಈ ಸಲ ಗಜೇಂದ್ರಗಡದ ಭಾವನ ಮನೆಗೆ ಹೋಗಿದ್ದಾಗ, ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳನ್ನು ಕಂಡು ‘ಪಾಪ, ಇವಕ್ಕೂ ಸೂಟಿ ಇಲ್ಲ’ ಎಂದು ನನಗೆ ಕಣ್ಣು ತುಂಬಿಬಂತು. ಭಾವ ನಕ್ಕ. ಗಿರಿಜಾ ನಗಲಿಲ್ಲ. ನಾನು ಅಳುಕಿದ್ದು ಆಗಲೇ. ತಾನು ಹೇಳಬೇಕಾದ ಚಾಷ್ಟಿಗೆ ತಾನೇ ಮೊದಲು ನಕ್ಕು ಮಾತು ಮುಗಿಸಲಾಗದ ಹೆಂಗಸು ಆಕೆ. ಕಾರ್ತಿಕದ ನಂತರ ಆಕೆಯ ನಗೆಯನ್ನೇ ಕೇಳಿಲ್ಲವೆಂಬುದು ಅಂದು ಹೊಳೆಯಿತು. ಡಾಕ್ಟರು ನನಗೆ ಗುಳಿಗೆ ಕೊಟ್ಟು ಮುಂಜಾನೆ ಹೊರಗೆ ಅಡ್ಡಾಡಲು ಹೇಳಿದ್ದರು. ನನ್ನ ರೋಗ ಹತ್ತಿಸಿಕೊಂಡ ಆಕೆಗೆ ಔಷಧ ಬರೆದವರಿರಲಿಲ್ಲ.

ಹೊಳೆಮಣ್ಣೂರಿನ ಮಾಬೂಬಿ ವಾರಕ್ಕೊಮ್ಮೆ ನಮ್ಮ ಓಣಿಗೆ ಕಾಯಿಪಲ್ಯೆ ಮಾರಲು ಬರುತ್ತಾಳೆ. ಮಲಪ್ರಭೆಯ ದಂಡೆಗೆ ಅವಳದೊಂದು ಕರಿಮಣ್ಣಿನ ಎರಿಹೊಲ. ನನ್ನ ಅಜೀರ್ಣಕ್ಕೆ ಗಿರಿಜಾ ಪ್ರತಿವರ್ಷ ಅವಳಿಂದ ಕಡಲೆಯ ಹುಳಿ ತರಿಸುತ್ತಾಳೆ. ಕಡಲೆ ಗಿಡದ ಮೇಲೆ ಕೂತ ಇಬ್ಬನಿ ಗಿಡದ ಹುಳಿಯನ್ನೆಲ್ಲ ಹೀರಿಕೊಂಡಿರುತ್ತದೆ. ಬಿಸಿಲೇರುವ ಮೊದಲು ಒಗೆದ ಧೋತರವೊಂದನ್ನು ಗಿಡಗಳ ಮೇಲೆ ಎಳೆದು, ಹಿಂಡಿ, ಶೀಸೆಗೆ ತುಂಬುವುದು ನಮ್ಮ ಕಡೆಯ ರೂಢಿ. ‘ಈ ಸಲ ನಂದ ಟೊಂಕ ಹಿಡದೈತ್ರೀ ಅಕ್ಕಾರ. ಧೋತರ ಹಿಡಿಯಾಕ ಇಬ್ಬರು ಬೇಕು. ಮಾಸ್ತರ್ನ ಕರಕೊಂಡು ನೀವ ಬರ್ರಿ’ ಎಂದಳು ಮಾಬೂಬಿ.

ಮೂಡಣ ಕೆಂಪಾಗುವ ಹೊತ್ತಿಗೆ ಆಟೋ ಹಿಡಿದು ಹೊಲ ಮುಟ್ಟಿದೆವು. ಮಳೆಗಾಲದಲ್ಲಿ ಹೊಳೆ ನುಗ್ಗಿ ಮಾಬೂಬಿಯ ಹೆಸರುಕಾಳಿನ ಪೀಕನ್ನೆಲ್ಲ ಬಳಿದುಕೊಂಡು ಹೋಗಿತ್ತು. ಈಗ ಅದೇ ರಾಡಿ ಆರಿದ ನೆಲದ ಮೇಲೆ ಕಡಲೆ, ಎಲೆಯೆಲೆಗೂ ಹನಿ, ನಡುನಡುವೆ ತಿಳಿಗೆಂಪಿನ ಹೂ. ನೀವು ಒಮ್ಮೆಯಾದರೂ ನೋಡಬೇಕು, ಇಷ್ಟು ಸಣ್ಣ ಗಿಡಕ್ಕೆ ಇಷ್ಟೊಂದು ಸಿಂಗಾರ ಯಾರಿಗಾಗಿ ಎನ್ನಿಸುತ್ತದೆ.

‘ನಿನ್ನ ಧೈರ್ಯ ಮೆಚ್ಚಬೇಕವಾ’ ಎಂದೆ.

‘ಧೈರ್ಯ ಎಲ್ಲೀದು ಬಿಡ್ರಿ. ಅಳಕೋತ ಕುಂತಿದ್ರ ನೆಲದ ಹಸಿ ಆರಿ ಹೋಗತಿತ್ತು. ಬಿತ್ತಿ ಬಂದ ಮ್ಯಾಲ ಅತ್ನಿರೀ’ ಎಂದಳು ಮಾಬೂಬಿ, ಹುಳಿ ಹಿಂಡುವ ಬಾನಿ ತೊಳೆಯುತ್ತ.

ಆ ಮಾತಿಗೆ ನನ್ನ ತಲೆ ತಾನಾಗಿ ಬಾಗಿತು. ಅದೇ ಭಕ್ತಿಯ ಭರದಲ್ಲಿ ಬದುವಿನ ಮೇಲೆ ಚಪ್ಪಲಿ ಕಳಚಿ, ಭೂಮಿತಾಯಿಗೆ ಕೈಮುಗಿದು, ಧೋತರದ ಒಂದು ತುದಿ ಹಿಡಿದು ಬರಿಗಾಲಿನಲ್ಲಿ ಸಾಲಿಗಿಳಿದೆ. ಇನ್ನೊಂದು ತುದಿ ಗಿರಿಜಾಳ ಕೈಯಲ್ಲಿತ್ತು. ‘ಚಪ್ಲಿ ಹಾಕ್ಕೋರಿ ಮಾಸ್ತರ್ರ! ಹಿಮ್ಮಡಿ ಒಡದಾವು ನಿಮ್ವು!’ ಎಂದು ಮಾಬೂಬಿ ಕೂಗುವುದರೊಳಗೆ ನಾಲ್ಕು ಹೆಜ್ಜೆ ಆಗಿಹೋಗಿತ್ತು. ಚಳಿಗೆ ಬಿರಿದ ಹಿಮ್ಮಡಿಯ ಸೀಳುಗಳಿಗೆ ಹುಳಿ ಇಳಿಯಿತು. ‘ಯವ್ವಾ, ಸತ್ನೆವ್ವಾ!’ ಎಂದು ಒದರಿ, ಧೋತರ ಬಿಡದೆ, ಒಂಟಿಗಾಲಿನಲ್ಲಿ ಕುಣಿದೆ. ಆ ಎಳೆತಕ್ಕೆ ಜೋಲಿ ತಪ್ಪಿದ ಗಿರಿಜಾ ಬದುವಿನ ಮೇಲೆ ಕುಸಿದು ಕುಳಿತು ಮುಖ ಮುಚ್ಚಿಕೊಂಡಳು. ಆಕೆಯ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಹೆದರಿ ಕುಂಟುತ್ತ ಹೋದೆ.

ನಗುತ್ತಿದ್ದಳು. ಉಸಿರು ಸಿಗದಷ್ಟು ನಗುತ್ತಿದ್ದಳು. ‘ಎಷ್ಟ ದಿನಾ ಆತ್ರೀ ನೀವು ಹಿಂಗ ಒದರಿ...’ ಎಂದು ಕಣ್ಣೊರೆಸಿಕೊಂಡಳು. ನನ್ನ ಮಂಕಿನ ಕೌದಿಯೊಳಗೆ ಈಕೆಯನ್ನೂ ಎಳೆದುಕೊಂಡು ಮಲಗಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಬಿಸಿಲೇರುವುದರೊಳಗೆ ಇನ್ನೂ ಎರಡು ಸಾಲು ಎಳೆಯಬೇಕಿತ್ತು. ಮಾಬೂಬಿ ನನ್ನ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟಳು. ನಾನು ಅವನ್ನು ಕಂಡೂ ಕಾಣದವನಂತೆ ಬರಿಗಾಲಿನಲ್ಲೇ ಮತ್ತೆ ಸಾಲಿಗಿಳಿದೆ.