ರೀಮ್ ಮೇವು ಮುಟ್ಟುತ್ತಿಲ್ಲವಂತೆ

ಚರ್ಮಕ್ಕೆ ಎಣ್ಣೆ ತಿಕ್ಕುವ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ. ಮೊನ್ನೆ ಬರ್ ದುಬೈಯ ಓಣಿಯಲ್ಲಿ ಚಪ್ಪಲಿ ಹೊಲಿಯುವವನ ಮುಂದೆ ಹಾಗೇ ಆಯಿತು. ನನಗೆ ಅದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಹಳೆಯ ಬಿಲ್ಡಿಂಗಿನ, ಎದುರು ಫ್ಲ್ಯಾಟಿನ ಖಾಲಾ ಮನೆಯ ವಾಸನೆ. ಖಾಲಾ ಎಂದರೆ ಚಿಕ್ಕಮ್ಮ, ನಾನು ಹಾಗೇ ಕರೆಯುತ್ತಿದ್ದೆ. ಅವರು ಸಿರಿಯಾದವರು, ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಾಡಿಕೊಂಡು ಇಲ್ಲೇ ಉಳಿದವರು. ಅವರದು ಅರಬಿ ಬೆರೆತ ಹಿಂದಿ, ಅಮ್ಮನದು ಕುಂದಾಪುರ ಬೆರೆತ ಹಿಂದಿ. ಅದರಲ್ಲೇ ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು.

ಖಾಲಾರ ಒಬ್ಬನೇ ಮಗ ಯಾಸೀನ್ ಸಿರಿಯಾ ಸೈನ್ಯದ ಅಶ್ವದಳದಲ್ಲಿ ಅಧಿಕಾರಿ. ರಜೆಗೆಂದು ಬಂದಿದ್ದಾಗ ಊರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ನಮ್ಮವರ ಮೇಲೇ ಕುದುರೆ ಹಾಯಿಸಲಾರೆ ಎಂದು ಅವನು ವಾಪಸು ಹೋಗಲಿಲ್ಲ. ಜೊತೆಗೆ ತಂದಿದ್ದ ಚರ್ಮದ ಲಗಾಮಿಗೆ ಪ್ರತಿ ಶುಕ್ರವಾರ ಎಣ್ಣೆ ತಿಕ್ಕುತ್ತ, ನನ್ನನ್ನು ಸೋಫಾದ ತೋಳಿನ ಮೇಲೆ ಕುದುರೆ ಹತ್ತಿಸಿದಂತೆ ಕೂರಿಸಿ, "ಯಲ್ಲಾ, ಬೆನ್ನು ನೆಟ್ಟಗೆ!" ಎಂದು ಗದರುತ್ತಿದ್ದ. ಊರಲ್ಲಿ ಬಿಟ್ಟುಬಂದ ಅವನ ಕುದುರೆಯ ಹೆಸರು ರೀಮ್. ದಿನವಿಡೀ ಅದರದೇ ಮಾತು. "ಎಂತ ಮಾರಾಯ, ಹುಡುಗಿ ನೋಡುವ ಅಂದ್ರೆ ನಿಂಗೆ ಕುದುರೆದ್ದೇ ಧ್ಯಾನ!" ಎಂದು ಅಮ್ಮ ಛೇಡಿಸಿದರೆ ಕಿವಿಯವರೆಗೂ ಕೆಂಪಾಗುತ್ತಿದ್ದ.

ನಬೀಲ್ ಅವನ ಬಾಲ್ಯದ ಗೆಳೆಯ. ದುಬೈ ಸಿಲಿಕಾನ್ ಓಯಸಿಸ್‌ನ ಆಫೀಸೊಂದರಲ್ಲಿದ್ದ. ರಜೆ ಸಿಕ್ಕಾಗಲೆಲ್ಲ ಬಂದು ಯಾಸೀನನ ತಟ್ಟೆಯಲ್ಲೇ ಕೈಯಿಟ್ಟು ಉಣ್ಣುತ್ತಿದ್ದ, ನನಗೆ ಚಾಕೊಲೇಟು ತರುತ್ತಿದ್ದ. ಒಂದು ಸಂಜೆ ಬಂದವನೇ, "ರೀಮ್ ಮೇವು ಮುಟ್ಟುತ್ತಿಲ್ಲವಂತೆ" ಎಂದ. "ಸಿರಿಯಾ ಗಡಿಯ ಹತ್ತಿರದ ಹಳ್ಳಿಗೆ ತಂದಿಟ್ಟಿದ್ದಾರೆ. ದಾರಿಗೆಲ್ಲ ವ್ಯವಸ್ಥೆ ಮಾಡಿದ್ದೇನೆ, ಹೋಗಿ ಕರೆತಂದುಬಿಡು." ಖಾಲಾ ಮಗನ ತೋಳು ಹಿಡಿದುಕೊಂಡರು. "ಬೇಡ ಮಗಾ, ಕುದುರೆಗೆ ಅಂತ ಯಾರಾದ್ರೂ ಜೀವ ಕೊಡ್ತಾರಾ?" ಎಂದಳು ಅಮ್ಮ. ಯಾಸೀನ್ ನಕ್ಕ. "ನಬೀಲ್ ಇದ್ದಾನಲ್ಲ ಆಂಟಿ" ಎಂದ.

ಆ ಹಳ್ಳಿಯಲ್ಲಿ ಕುದುರೆಯೇ ಇರಲಿಲ್ಲ. ರೀಮ್ ಸತ್ತು ತಿಂಗಳುಗಳಾಗಿದ್ದವು, ನಬೀಲನಿಗೆ ಅದು ಗೊತ್ತಿತ್ತು. ಅಲ್ಲಿ ಕಾದಿದ್ದವರು ಸೈನ್ಯ ಬಿಟ್ಟ ಅಧಿಕಾರಿಗಳನ್ನು ಬೇಟೆಯಾಡುತ್ತಿದ್ದವರು. ಲಾಯದ ಬಾಗಿಲಲ್ಲೇ ಯಾಸೀನನಿಗೆ ಗುಂಡು ಹೊಡೆದರು. ನಬೀಲನ ತಮ್ಮ ಅವರ ಸೆರೆಯಲ್ಲಿದ್ದನಂತೆ, ಅವನನ್ನು ಬಿಡಿಸಿಕೊಳ್ಳಲು ಇವನನ್ನು ಕೊಟ್ಟನಂತೆ. ಊರಿಂದ ಖಾಲಾರ ಅಣ್ಣ ಫೋನಿನಲ್ಲಿ ಹೇಳಿದ್ದು ಇಷ್ಟು. ನಬೀಲನ ಸಂಕಟ ನನಗೆ ತಿಳಿಯುವುದಿಲ್ಲವೆಂದಲ್ಲ. ಆದರೆ ಅಯ್ಯೋ, ಮೂಕಪ್ರಾಣಿಯ ಹಸಿವಿನ ಹೆಸರು ಹೇಳಿ ಕರೆದನಲ್ಲ, ಅದನ್ನು ನಾನು ಸತ್ತರೂ ಕ್ಷಮಿಸಲಾರೆ.

ಅಷ್ಟಾದರೂ ನಬೀಲ್ ಸಾವಿನ ಮನೆಗೆ ಬಂದ. ಅರಬರಲ್ಲಿ ತಾಯಿಯನ್ನು ಅವಳ ಹೆಸರಿನಿಂದ ಕರೆಯುವುದಿಲ್ಲ, ಹಿರಿಮಗನ ಹೆಸರು ಹಿಡಿದು ಕರೆಯುತ್ತಾರೆ. ಹೊಸ್ತಿಲಲ್ಲಿ ನಿಂತು, ತಲೆ ತಗ್ಗಿಸಿ, "ಉಮ್ಮ್ ಯಾಸೀನ್..." ಎಂದ. ಯಾಸೀನನ ತಾಯಿಯೇ ಎಂದು. ಖಾಲಾ ಕೂಗಾಡಲಿಲ್ಲ, ಶಪಿಸಲಿಲ್ಲ. "ಆ ಹೆಸರು ನಿನ್ನ ಬಾಯಲ್ಲಿ ಬೇಡ" ಎಂದರು. ಆಮೇಲೆ ಅವನ ಮುಖವನ್ನೇ ನೋಡುತ್ತ, "ನಿನ್ನ ತಾಯಿಯನ್ನು ನಿನ್ನ ಹೆಸರಿನಿಂದ ತಾನೇ ಕರೆಯುತ್ತಾರೆ? ಪಾಪ, ಆಕೆ" ಎಂದರು.

ಅವನು ಮೆಟ್ಟಿಲಿಳಿದು ಹೋದ ಮೇಲೆ ಖಾಲಾ ಅಮ್ಮನ ಕಡೆ ತಿರುಗಿ, "ಈಗ ನೀನು ಕರೆ" ಎಂದರು. ಅಮ್ಮ ಅಳುತ್ತ, ತನ್ನ ಕುಂದಾಪುರದ ನಾಲಿಗೆಯಲ್ಲಿ ತೊದಲಿ ಕರೆದಳು. "ಹ್ಞಾಂ, ಇದ್ದೇನೆ" ಎಂದರು ಯಾಸೀನನ ತಾಯಿ.